ನಾಬ್ ತಿರುಗಿಸಿದವರು ಯಾರು?

ಅನುಮಾನಪಡುವುದು ನನ್ನ ಹುಟ್ಟುಗುಣ. ಹಾಲಿನವನು ನಗುನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುತ್ತೇನೆ. ಮುಖ ಗಂಟಿಕ್ಕಿಕೊಂಡು ಬಂದರೆ, ನಿನ್ನೆ ನೀರು ಹಾಕಿದ್ದು ನನಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಿದೆ ಎಂದುಕೊಳ್ಳುತ್ತೇನೆ. ಆಫೀಸಿನಲ್ಲಿ ಇಬ್ಬರು ಕಿಟಕಿಯ ಹತ್ತಿರ ನಿಂತು ಮಾತಾಡುತ್ತಿದ್ದರೆ ಅದು ನನ್ನ ವಿಷಯವೇ. “ನಿಮ್ಮ ವಿಷಯ ಮಾತಾಡೋಕೆ ಏನಿದೇರೀ?” ಎಂದು ನನ್ನ ಹೆಂಡತಿ ವಿಮಲಾ ಒಮ್ಮೆ ಕೇಳಿದ್ದಳು. ಅವಳು ಹಾಗೇಕೆ ಕೇಳಿದಳೆಂದು ಎರಡು ದಿನ ಯೋಚಿಸಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತಿದು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಬಾಡಿಗೆ ಮನೆ; ನಾನು, ವಿಮಲಾ, ನನ್ನ ಅಮ್ಮ. ವಾರವೆಲ್ಲ ನಾನು ಗುಮಾಸ್ತ. ಭಾನುವಾರ ಮಾತ್ರ ನಂಜುಂಡಯ್ಯನವರ ಆರ್ಕೆಸ್ಟ್ರಾದಲ್ಲಿ ಡ್ರಮ್ಮರ್. ಆ ಭಾನುವಾರಕ್ಕಾಗಿಯೇ ಉಳಿದ ಆರು ದಿನ ಬದುಕುತ್ತಿದ್ದೆ ಎಂದರೆ ಸುಳ್ಳಲ್ಲ. ಆ ವರ್ಷ ನಂಜುಂಡಯ್ಯನವರ ಭಾವಮೈದುನ ಸಿಂಗಪುರದಿಂದ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ತಂದುಕೊಟ್ಟ. ಆರು ಮೂಲೆಯ ನಾಲ್ಕು ರಬ್ಬರು ಹಲಗೆಗಳು, ಕಾಲಲ್ಲಿ ತುಳಿಯಲು ಒಂದು ಪೆಡಲ್, ಇವೆಲ್ಲಕ್ಕೂ ವೈರು ಎಳೆದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಸಾಲಾಗಿ ಐದು ನಾಬುಗಳು. ಎಷ್ಟು ಮೆತ್ತಗೆ ಹೊಡೆದರೆ ಸದ್ದು ಬರಬೇಕು ಎಂಬುದು ಆ ನಾಬುಗಳ ಕೈಯಲ್ಲಿತ್ತು. ಜಾಸ್ತಿ ಮಾಡಿದರೆ ಪಕ್ಕದ ಹಲಗೆಗೆ ಹೊಡೆದರೂ ಇದು ಕೂಗುತ್ತದೆ; ಕಡಿಮೆ ಮಾಡಿದರೆ ಕೋಲು ಮುರಿದರೂ ಸುಮ್ಮನಿರುತ್ತದೆ. ಕೈಪಿಡಿ ಜಪಾನಿ ಭಾಷೆಯಲ್ಲಿತ್ತು. ಮೂರು ವಾರ ಒದ್ದಾಡಿ ನಾನೇ ಲೆಕ್ಕ ಹಿಡಿದೆ: ಹಲಗೆಗಳ ನಾಬು ಗಡಿಯಾರದ ಒಂಬತ್ತು ಗಂಟೆಗಿರಬೇಕು, ಪೆಡಲಿನದು ಮೂರು ಗಂಟೆಗೆ. ಪೆಡಲಿಗೆ ಅಷ್ಟೊಂದು ಏಕೆಂದರೆ ನನ್ನ ಕಾಲಿನಲ್ಲಿ ಅಷ್ಟೇ ಶಕ್ತಿ.

ಸೆಟ್ಟು ನಮ್ಮ ಮನೆಯಲ್ಲೇ ಇರುತ್ತಿತ್ತು. ಕಾರ್ಯಕ್ರಮದ ದಿನ ಬೆಳಿಗ್ಗೆ ನಾಬುಗಳನ್ನು ಹೊಂದಿಸಿ ಸ್ನಾನಕ್ಕೆ ಹೋಗುವುದು, ಬಂದು ಪ್ಯಾಕ್ ಮಾಡುವುದು ನನ್ನ ಕ್ರಮ. ವೇದಿಕೆಯಲ್ಲಿ ಮತ್ತೆ ನೋಡುವ ಪ್ರಶ್ನೆಯೇ ಇಲ್ಲ. ನಾನು ಜಗತ್ತಿನಲ್ಲಿ ನಂಬುತ್ತಿದ್ದವನು ನನ್ನೊಬ್ಬನನ್ನೇ.

ಶ್ರೀನಗರದ ರಾಜ್ಯೋತ್ಸವದಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಗಾಯಕಿ ವಿರಹದ ಹಾಡಿನ ನಡುವೆ ಕಣ್ಣು ಮುಚ್ಚಿ ಒಂದು ಕ್ಷಣ ಮೌನವಾದಳು. ಕೋಲು ನನ್ನ ತೊಡೆಯ ಮೇಲಿತ್ತು. ಯಾರೋ ವೇದಿಕೆ ಹತ್ತಿದ ಅದುರಿಗೆ ಹಲಗೆಯೊಂದು ತಾನಾಗಿಯೇ “ಡುಂಯ್ಞ್” ಎಂದಿತು. ಜನ ಘೊಳ್ಳೆಂದು ನಕ್ಕರು. ಪೆಡಲ್ ತುಳಿದರೆ ಉಸಿರೇ ಇಲ್ಲ. ಮುಂದಿನ ಹಾಡಿನ ಹೊತ್ತಿಗೆ ಹೇಗೋ ಸರಿಹೋಯಿತು. ತಿರುಗಿ ನೋಡುತ್ತೇನೆ, ನನ್ನ ಹಿಂದೆ ಕೂತಿದ್ದ ಕೀಬೋರ್ಡ್ ಪ್ರಕಾಶ ಪೆಟ್ಟಿಗೆಯ ಮೇಲಿಂದ ಕೈ ತೆಗೆಯುತ್ತಿದ್ದಾನೆ! ಸಾಲದ್ದಕ್ಕೆ, ಸಾಮಾನು ಕಟ್ಟುವಾಗ ಪೆಡಲಿನ ಮೇಲೆ ಒಂದು ಚಿಟಿಕೆ ಕುಂಕುಮ ಕಂಡಿತು. ಪ್ರಕಾಶ ಹಣೆಗೆ ದಪ್ಪ ಕುಂಕುಮ ಇಡುವ ಆಸಾಮಿ. ಬಗ್ಗಿ ಏನೋ ಮಾಡುವಾಗ ಬೆವರಿಗೆ ಉದುರಿದೆ, ಇನ್ನೇನು ಸಾಕ್ಷಿ ಬೇಕು?

ಮನೆಗೆ ಬಂದು ವಿಮಲಾಗೆ ಹೇಳಿದೆ. “ಪಾಪ, ಆ ಹುಡುಗ ಯಾಕೆ ಮಾಡ್ತಾನೆ?” ಎಂದಳು. ಅವಳು ಅವನ ಪರ ಮಾತಾಡಿದ್ದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಮುಂದಿನ ಭಾನುವಾರ ವಿಲ್ಸನ್ ಗಾರ್ಡನ್‌ನಲ್ಲಿ ಕಾರ್ಯಕ್ರಮ. ಸ್ನಾನ ಮುಗಿಸಿ ಬಂದವನೇ ಪೆಟ್ಟಿಗೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಮೂರು ಗಂಟು ಬಿಗಿದೆ. ವೇದಿಕೆಯಲ್ಲಿ ಪ್ರಕಾಶ ಚೀಲವನ್ನೂ ನನ್ನನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ದುರುಗುಟ್ಟಿದೆ. ಬಾಯಿ ಮುಚ್ಚಿದ. ಅಂದು ಮೊದಲಿನಿಂದ ಕೊನೆಯವರೆಗೂ ಪೆಡಲ್ ಸದ್ದು ಮಾಡಲಿಲ್ಲ. ಹಲಗೆಗಳು ಒಂದಕ್ಕೆ ಹೊಡೆದರೆ ಮೂರು ಕೂಗಿದವು. ಆದರೂ ಗಂಟು ಬಿಚ್ಚಲಿಲ್ಲ, ಕಳ್ಳನ ಎದುರಿಗೆ ಬಿಚ್ಚುವುದು ಹೇಗೆ?

ನಂಜುಂಡಯ್ಯನವರು ಪಕ್ಕಕ್ಕೆ ಕರೆದು, “ನೋಡಿ ಸ್ವಾಮಿ, ಇನ್ನೊಂದ್ಸಲ ಹಿಂಗಾದ್ರೆ ನಾನು ಹಳೇ ಡೋಲಕ್‌ನವ್ರನ್ನೇ ಕರ್ಕೊಂಡ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ” ಎಂದರು. ಬೇಜಾರಲ್ಲ, ನನಗೆ ಕಣ್ಣಲ್ಲಿ ನೀರೇ ಬಂತು. ಭಾನುವಾರವಿಲ್ಲದ ವಾರಗಳನ್ನು ನೆನೆಸಿಕೊಂಡು ನಡುಗಿದೆ.

ಚೀಲ ಕಟ್ಟಿದರೂ ಕೆಟ್ಟಿದೆ ಎಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಜಯನಗರದ ಕಾರ್ಯಕ್ರಮದ ದಿನ ಬೆಳಿಗ್ಗೆ ಬಚ್ಚಲಿನ ನಲ್ಲಿ ತಿರುಗಿಸಿ, ಬಕೆಟ್ಟಿಗೆ ನೀರು ಬೀಳುವ ಸದ್ದು ಬಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಾಗಿಲ ಪರದೆಯ ಹಿಂದೆ ನಿಂತೆ.

ಒದ್ದೆ ಬಟ್ಟೆ, ಕುಂಕುಮದ ಬಟ್ಟಲು ಹಿಡಿದು ಬಂದವಳು ನನ್ನ ಅಮ್ಮ. ಮೊದಲು ಪೆಡಲ್ ಒರೆಸಿದಳು, ಕುಂಕುಮ ಇಟ್ಟಳು, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪೆಟ್ಟಿಗೆ ಒರೆಸಿ, ಐದು ನಾಬುಗಳನ್ನೂ ಒಂದೊಂದಾಗಿ ತಿರುಗಿಸಿ, ಅವುಗಳ ಬಿಳಿ ಗೆರೆಗಳನ್ನೆಲ್ಲ ಮೇಲ್ಮುಖವಾಗಿ ಸಾಲು ಮಾಡಿದಳು. ಐದಕ್ಕೂ ಹನ್ನೆರಡು ಗಂಟೆ!

“ಅಮ್ಮಾ! ಏನ್ಮಾಡ್ತಿದೀಯ?”

ಅವಳು ಬೆಚ್ಚಲಿಲ್ಲ. “ಅದು ಸರಸ್ವತಿ ಕಣೋ. ಕುಂತಾಗೆಲ್ಲ ಒದೀತೀಯ. ನೀನಂತೂ ತಪ್ಪಾಯ್ತು ಅನ್ನಲ್ಲ, ನಾನಾದ್ರೂ ಕೇಳ್ಕೋಬೇಡ್ವಾ?”

“ಸರಿ, ಆ ತಿರುಪು ಯಾಕೆ ತಿರುಗಿಸ್ತೀಯ?”

“ಒಂದು ಅತ್ಲಾಗೆ, ಒಂದು ಇತ್ಲಾಗೆ ಮುಖ ಮಾಡ್ಕೊಂಡಿದ್ವು. ಚಿಕ್ಕೋನಿಂದ ನೀನು ಹಂಗೇ, ಒಂದು ವಸ್ತುನೂ ನೆಟ್ಟಗಿಡಲ್ಲ. ಪೂಜೆ ಮಾಡೋವಾಗ ಸೊಟ್ಟಗಿದ್ರೆ ಚೆಂದವಾ?” ಎಂದು, ನನ್ನ ಟವೆಲ್ ನೋಡಿ, “ಇಲ್ಯಾಕೆ ನಿಂತಿದೀಯ? ಅಲ್ಲಿ ನೀರೆಲ್ಲ ಹರಿದು ಹೋಗ್ತಿದೆ” ಎಂದಳು. ಬಕೆಟ್ಟು ತುಂಬಿ ನೀರು ಹಜಾರದ ತನಕ ಬಂದಿತ್ತು.

ಒಪ್ಪಂದವಾಯಿತು. ಪ್ರತಿ ಸಲ ಕೂರುವ ಮುಂಚೆ ಪೆಡಲ್ ಮುಟ್ಟಿ ನಾನೇ ಕಣ್ಣಿಗೊತ್ತಿಕೊಳ್ಳಬೇಕು. ಅವಳು ನಾಬುಗಳ ತಂಟೆಗೆ ಬರುವುದಿಲ್ಲ. ಸಂಜೆ ಜಯನಗರದಲ್ಲಿ ಪೆಟ್ಟಿಗೆಯನ್ನು ಬಿಚ್ಚಿಯೇ ಇಟ್ಟೆ.

“ಚೀಲ ಇಲ್ವಾ ಸಾರ್ ಇವತ್ತು?” ಎಂದ ಪ್ರಕಾಶ. “ಆವತ್ತು ಶ್ರೀನಗರದಲ್ಲಿ ಎಲ್ಲ ಹನ್ನೆರಡಕ್ಕಿತ್ತು. ಪ್ರಾಕ್ಟೀಸ್‌ನಲ್ಲಿ ನೋಡಿದ್ನಲ್ಲ, ಅದಕ್ಕೆ ಒಂಬತ್ತಕ್ಕೂ ಮೂರಕ್ಕೂ ತಿರುಗಿಸಿಟ್ಟೆ. ಹೇಳೋಣ ಅಂದ್ರೆ ನೀವು ಗುರ್ ಅಂತ ನೋಡ್ತಿದ್ರಿ.”

ನನ್ನ ಮಾನ ಉಳಿಸಿದವನನ್ನೇ ಕಳ್ಳ ಮಾಡಿದ್ದೆ. ನಾಚಿಕೆಯಾಯಿತು. ಕ್ಷಮೆ ಕೇಳಬೇಕೆಂದರೆ ಅಮ್ಮನ ಕಥೆಯನ್ನೂ, ಟವೆಲ್ಲಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ಕಾಫಿ ಕೊಡಿಸಿ ಸುಮ್ಮನಾದೆ.

ಅಂದು ಪೆಡಲ್ ಚೆನ್ನಾಗಿ ಗುಮ್ಮೆಂದಿತು, ನನ್ನ ಭಾನುವಾರಗಳು ಉಳಿದವು. ಕೊಟ್ಟ ಮಾತಿನಂತೆ ಅಂದಿನಿಂದ ಕೂರುವ ಮುಂಚೆ ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಪ್ಯಾಂಟಿನ ಮಡಿಕೆ ಸರಿಮಾಡುವ ನೆಪದಲ್ಲಿ ಬಗ್ಗಿ ಪೆಡಲ್ ಮುಟ್ಟುತ್ತಿದ್ದೆ. ಒಂದು ಸಲ ತಲೆ ಎತ್ತಿದಾಗ ಪ್ರಕಾಶ ನಂಜುಂಡಯ್ಯನವರ ಕಿವಿಯಲ್ಲಿ ಏನೋ ಹೇಳುತ್ತಿದ್ದ.

“ಏನ್ ಸ್ವಾಮಿ, ಪ್ರತಿ ಸಲ ಕಳ್ಳನ ಥರ ಬಗ್ಗಿ ಅದಕ್ಕೇನ್ಮಾಡ್ತೀರಿ?” ಎಂದರು ನಂಜುಂಡಯ್ಯನವರು.

“ಸೆಟ್ಟಿಂಗ್ ಸಾರ್” ಎಂದೆ. ಇಬ್ಬರೂ ನಂಬಲಿಲ್ಲ. ಮುಂದಿನ ಭಾನುವಾರ ನೋಡುತ್ತೇನೆ, ಪ್ರಕಾಶ ತನ್ನ ಕೀಬೋರ್ಡಿಗೆ ಒಂದು ದಿಂಬಿನ ಚೀಲ ತೊಡಿಸಿಕೊಂಡು ಬಂದಿದ್ದಾನೆ.