ಹಸಿರು ಸೀರೆಯ ದೆವ್ವ

ನಮ್ಮ ಕಾಕಾ ಬದುಕಿರುವಾಗಲೇ ಕಾಣೆಯಾದವರು. ಹಾಗೆಂದು ಅವರೇ ಬರೆದುಕೊಂಡಿದ್ದಾರೆ!

ಕಲಬುರಗಿಯಲ್ಲಿ ಮದುವೆ ವಿಡಿಯೊ ತೆಗೆಯುವುದು ಅವರ ಕಸುಬು. ಅವರ ವಿಡಿಯೊದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮಂಟಪವೇ ನಡುಗುತ್ತದೆ ಎಂದು ಬೀಗರೆಲ್ಲ ದೂರುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ಯಾರೋ ಅವರಿಗೆ ಹೊಸ ಬಗೆಯ ದೆವ್ವದ ಸಿನಿಮಾಗಳ ಸುದ್ದಿ ಹೇಳಿದರು. ಕಾಡಿಗೆ ಹೋದವರು ಕಾಣೆಯಾಗುತ್ತಾರೆ, ಅವರ ಕ್ಯಾಮೆರಾ ಮಾತ್ರ ಸಿಗುತ್ತದೆ, ಅದರಲ್ಲಿದ್ದದ್ದೇ ಸಿನಿಮಾ. ಚಿತ್ರ ಅಲುಗಿದಷ್ಟೂ ನಿಜವೆನಿಸುತ್ತದಂತೆ. ಕೈ ನಡುಗುವುದೂ ಕಲೆಯಾಗುವ ಕಾಲ ಬಂದರೆ ಕಾಕಾ ಸುಮ್ಮನಿರುತ್ತಾರೆಯೇ? ಒಬ್ಬರಾದರೂ ಹೆದರಬೇಕು, ನನಗೆ ಅಷ್ಟೇ ಸಾಕು ಎಂದು ಹೊರಟೇಬಿಟ್ಟರು.

ಕಥೆ ಕಾಕಾನ ಹೆಂಡತಿ, ನಮ್ಮ ಕಾಕುವಿನ ತವರು ಕಮಲಾಪುರದ್ದು. ಕೆಂಪು ಬಾಳೆಯ ತೋಟದಲ್ಲಿ ನೀರಡಿಸಿ ಸತ್ತ ಸೊಸೆಯೊಬ್ಬಳು ಮಟಮಟ ಮಧ್ಯಾಹ್ನ ಎದುರಾಗಿ ನೀರು ಕೇಳುತ್ತಾಳಂತೆ. ರಾತ್ರಿಯ ದೆವ್ವಕ್ಕೆ ಲೈಟು ಬೇಕು, ಜನರೇಟರ್ ಬೇಕು; ಈಕೆಗೆ ಬಿಸಿಲೊಂದಿದ್ದರೆ ಆಯಿತು. ನಮ್ಮ ಕಡೆ ಮೇ ತಿಂಗಳಲ್ಲಿ ಅದಕ್ಕೇನು ಬರವೇ? ದೆವ್ವದ ಪಾತ್ರಕ್ಕೆ ಕಾಕುವೇ ಸಿದ್ಧರಾದರು. ಆದರೆ ಗಂಡ ಇರುವಾಗ ಬಿಳಿ ಸೀರೆ ಉಡುವುದುಂಟೇ ಎಂದು ಅವರ ತಾಯಿ ರಂಪ ಮಾಡಿದ್ದರಿಂದ ದೆವ್ವ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಅಗಲವಾಗಿ ಕುಂಕುಮ ಇಟ್ಟುಕೊಂಡು ತಿರುಗಬೇಕಾಯಿತು.

ಕಾಕಾನ ಚಾಳಿಯಾದರೂ ಎಲ್ಲಿ ಹೋಗಬೇಕು? ದೆವ್ವ ಬಾಳೆಗಿಡದ ಹಿಂದಿನಿಂದ ಬಂದ ಕೂಡಲೇ, ಕಿರುಚಿ ಓಡಬೇಕಾದ ಕ್ಯಾಮೆರಾದವನ ದನಿ "ಜರಾ ಈ ಕಡೆ ನೋಡ್ರಿ, ಸೆರಗು ಸರಿ ಮಾಡ್ಕೋರಿ" ಎನ್ನುತ್ತದೆ. ಮಿಕ್ಸಿಂಗ್ ಮಾಡಿದವನು ಮದುವೆ ವಿಡಿಯೊದ ರೂಢಿಯಂತೆ ದೆವ್ವದ ತಲೆಯ ಮೇಲೆ ಗುಲಾಬಿ ಪಕಳೆ ಸುರಿಸಿದ್ದ. ಕೊನೆಯಲ್ಲಿ "ಇದನ್ನು ತೆಗೆದವರು ಮತ್ತೆಂದೂ ಸಿಗಲಿಲ್ಲ" ಎಂಬ ಅಕ್ಷರಗಳು. ಅದರ ಕೆಳಗೆ, "ಮದುವೆ, ಮುಂಜಿವೆಗೆ ಸಂಪರ್ಕಿಸಿರಿ"!

ಒಂದು ಸಂಜೆ ಕಮಲಾಪುರದ ಮನೆಕಟ್ಟೆಯ ಮೇಲೆ ಟಿ.ವಿ. ಇಟ್ಟು ಓಣಿಯವರಿಗೆಲ್ಲ ತೋರಿಸಿದರು. ಒಬ್ಬರೂ ಹೆದರಲಿಲ್ಲ. ಪಕಳೆ ಉದುರಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು, ಹೆಂಗಸರು ಸೀರೆಯ ಅಂಚು ಚೆನ್ನಾಗಿದೆ ಎಂದರು. ಕಾಕಾನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಟಿ.ವಿ.ಯಲ್ಲಿ ದೆವ್ವ ನೀರು ಕೇಳಿತು. ಬಾಳೆಗಿಡ ಹಿಡಿದು ನಿಂತು ಇನ್ನೊಮ್ಮೆ ಕೇಳಿತು. ಆಮೇಲೆ ಹಾಗೇ ಕುಸಿದು ಕೂತಿತು.

ಮುಂದೆ ಕೂತಿದ್ದ ಮುದುಕಿಯೊಬ್ಬರು ಹಿಂದಕ್ಕೆ ತಿರುಗಿ ಕಾಕಾನನ್ನು ನೋಡಿದರು.

"ಅಳ್ಯಾರ, ಆಕಿ ಖರೇನ ನೀರು ಕೇಳಾಕತ್ತಾಳ. ನೀವು ಹಂಗ ತೆಗೀಕೋತ ನಿಂತೀರಲ್ಲ?"

ಚಿತ್ರ ತೆಗೆದ ದಿನ ಅದನ್ನು ಕಾಕಾ ಭಾರಿ ಅಭಿನಯವೆಂದೇ ತಿಳಿದಿದ್ದರು. ಎಲ್ಲರ ಮುಂದೆ ಹೊಗಳಿಯೂ ಇದ್ದರು. ಈಗ ತಾವೇ ತೆಗೆದದ್ದನ್ನು ನೋಡಿ ಹೆದರಿಬಿಟ್ಟರು. ಟಿ.ವಿ. ಆರಿಸಿ, ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು, ಹೆಂಗಸರ ನಡುವೆ ಕೂತಿದ್ದ ಕಾಕುವಿನ ಮುಂದೆ ಹಿಡಿದರು.

"ಅವತ್ತ ಬಾವಿಗೆ ಹೋಗಿ ಕುಡದೀನ್ರಿ," ಎಂದರು ಕಾಕು ಮೆಲ್ಲಗೆ.

ಕಾಕಾ ತಂಬಿಗೆ ಇಳಿಸಲಿಲ್ಲ. ಕಾಕು ಒಂದು ಗಳಿಗೆ ಅವರ ಮುಖ ನೋಡಿ, ತಂಬಿಗೆ ಇಸಿದುಕೊಂಡು, ಒಂದು ಹನಿಯೂ ಉಳಿಸದೆ ಕುಡಿದರು.