ಎರಡಕ್ಷರದ ಮರ್ಯಾದೆ

ಇಸ್ಪೀಟಿಲ್ಲ, ತಂಬಾಕಿಲ್ಲ, ಸಂಜೆಯಾದರೆ ನೆಟ್ಟಗೆ ಮನೆ ಸೇರುವ ಹುಡುಗ ಎಂದು ನಾಲ್ಕು ಕಡೆ ವಿಚಾರಿಸಿಯೇ ಹುಕ್ಕೇರಿಯ ನಮ್ಮ ಮಾವನವರು ನನಗೆ ಮಗಳನ್ನು ಕೊಟ್ಟರು. ಹುಡುಗ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಾನೆಯೇ ಎಂದು ಮಾತ್ರ ವಿಚಾರಿಸಲಿಲ್ಲ. ತಪ್ಪು ಅವರದಲ್ಲ. ಫ್ಲಾಪಿಗಳ ಆ ಕಾಲದಲ್ಲಿ ಅಂಥದೊಂದು ಚಟವಿದೆಯೆಂದು ಹುಕ್ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಕಾಕದಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

ನಾನಾಗ ದಿನಾ ಗೋಕಾಕದಿಂದ ಬಸ್ಸು ಹಿಡಿದು ಮೂಡಲಗಿಯ ಕಾಲೇಜೊಂದಕ್ಕೆ ಹೋಗಿ ಸಿ ಭಾಷೆ ಕಲಿಸುತ್ತಿದ್ದೆ. ಆರು ವರ್ಷದಿಂದ ಹಂಗಾಮಿ. ಒಂದೇ ಒಂದು ಕಾಯಂ ಹುದ್ದೆ ಬಂತು. ಅದಕ್ಕೆ ಇಬ್ಬರು: ನಾನು, ಮತ್ತು ನನ್ನ ಕೈಕೆಳಗೆ ಮೌಸ್ ಹಿಡಿಯುವುದನ್ನು ಕಲಿತ ಬಸವರಾಜ. ಇಬ್ಬರೂ ಕಂಪ್ಯೂಟರಿನಲ್ಲಿ ಏನಾದರೊಂದು ಮಾಡಿ ತೋರಿಸಲಿ, ಅಧ್ಯಕ್ಷರು ನೋಡಿ ಆರಿಸುತ್ತಾರೆ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಏನಾದರೊಂದು ಏಕೆ, ಕಂಪ್ಯೂಟರಿಗೆ ಜೀವ ಕೊಡುವುದನ್ನೇ ಬರೆದು ತೋರಿಸುತ್ತೇನೆ ಎಂದು ನಾನು ಹೊರಟೆ.

ಸಿ ಭಾಷೆಯಲ್ಲಿ ಲೆಕ್ಕ ಬರೆಯುವುದು ಬೇರೆ, ಆಪರೇಟಿಂಗ್ ಸಿಸ್ಟಮ್ ಬರೆಯುವುದು ಬೇರೆ. ಪರದೆಯ ಮೇಲೆ ಒಂದಕ್ಷರ ಮೂಡಿಸು ಎಂದು ಹೇಳಿದರೆ ಕೇಳುವವರು ಅಲ್ಲಿ ಯಾರೂ ಇಲ್ಲ, ಕೇಳುವವನನ್ನೂ ನಾವೇ ಬರೆಯಬೇಕು. ಒಲೆ ಹಾಕುವ ಮೊದಲೇ ರೊಟ್ಟಿ ಬಡಿಯಲು ಕೂತ ಹಾಗೆ. ಸಿ ಅಂತೂ ಯಾವುದಕ್ಕೂ ಬೇಡ ಅನ್ನುವುದಿಲ್ಲ. ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೈ ಹಾಕಲು ಬಿಡುತ್ತದೆ, ಆಮೇಲೆ ಮಶಿನ್ ಕಲ್ಲಾಗಿ ಕೂತರೆ ಅದು ನಮ್ಮ ಕರ್ಮ. ನಾಲ್ಕು ತಿಂಗಳು ಹೀಗೆ ಹೆಣಗಿದೆ. ಹೆಂಡತಿ ಹೇಳಿದ ಯಾವ ಮಾತೂ ಆ ನಾಲ್ಕು ತಿಂಗಳು ನನ್ನ ಕಿವಿಗೆ ಬೀಳಲಿಲ್ಲ.

ಕೊನೆಗೆ ಎಲ್ಲ ಕೂಡಿ ಬಂತು, ಜಾಗವೊಂದೇ ಸಾಲಲಿಲ್ಲ. ಫ್ಲಾಪಿಯ ಬಿಲ್ಲೆಯ ಮೇಲಿನ ಮೊದಲ ಒಂದು ಸುತ್ತನ್ನಷ್ಟೇ ಓದಲು ನಾನು ಮಶಿನ್ನಿಗೆ ಕಲಿಸಿದ್ದೆ. ಪ್ರೋಗ್ರಾಮು ಅದಕ್ಕಿಂತ ಎಪ್ಪತ್ತು ಬೈಟ್ ಉದ್ದವಾಯಿತು, ಅಂದರೆ ಎಪ್ಪತ್ತು ಅಕ್ಷರ. ಎಲ್ಲಿ ಕತ್ತರಿಸುವುದು? ಆಗ ಕಂಡದ್ದು ‘ರಿ’. ನನ್ನ ಸಿಸ್ಟಮ್ ನಮ್ಮ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತಾಡುತ್ತಿತ್ತು: ಯಾರ್ರಿ, ತಡೀರಿ, ಹೇಳ್ರಿ. ಒಂದು ‘ರಿ’ಗೆ ಎರಡು ಬೈಟ್. ಸುಮಾರು ನಲವತ್ತು ‘ರಿ’ ಕಿತ್ತೆಸೆದೆ. ಸಿಸ್ಟಮ್ ಫ್ಲಾಪಿಯ ಸುತ್ತಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ಆ ದಿನ ನನ್ನಷ್ಟು ಜಾಣ ಬೆಳಗಾವಿ ಜಿಲ್ಲೆಯಲ್ಲಿ ಇರಲಿಲ್ಲ.

ಅಧ್ಯಕ್ಷರು ಬಂದರು. ಕಾಲೇಜಿಗೆಲ್ಲ ಕಾಕಾ ಆದ ಹಿರಿಯರು, ಜವಾನನಿಗೂ ‘ರಿ’ ಹಚ್ಚಿಯೇ ಮಾತಾಡುವವರು. ನಾನು ಕೈ ಚಾಚುವ ಮೊದಲೇ ತಾವೇ ಕೀಲಿಮಣೆಯ ಮುಂದೆ ಕೂತುಬಿಟ್ಟರು. ಪರದೆ ಕೇಳಿತು: “ಯಾರ್?” ಕಾಕಾ ಹುಬ್ಬೇರಿಸಿ, ಒಂದೇ ಬೆರಳಿನಿಂದ ಹೆಸರು ಒತ್ತಿದರು. ಸಿಸ್ಟಮ್ಮಿಗೆ ಗೊತ್ತಿದ್ದದ್ದು ನನ್ನ ಹೆಸರೊಂದೇ. “ತಿಳೀಲಿಲ್ಲ. ಇನ್ನೊಮ್ಮೆ ಹೇಳ್.” ಮತ್ತೆ ಒತ್ತಿದರು. “ತಡಿ,” ಅಂದಿತು, ಫ್ಲಾಪಿ ಕರಕರ ಅಂದಿತು, ಮತ್ತೆ “ಹೇಳ್” ಅಂದಿತು. ಮೂರನೆಯ ಸಲಕ್ಕೆ ನಾನೇ ಬರೆದಿಟ್ಟ ಉತ್ತರ ಬಂತು: “ಸಾಕ್. ಈಗ ನಡಿ.”

ಕಾಕಾ ನನ್ನ ಕಡೆ ತಿರುಗಿದರು. “ಮಾಸ್ತರ, ಇದಕ್ಕ ಮಾತ ಕಲಿಸಿದಾವ್ರ ಯಾರ್ರಿ?”

“ನಾನ ರೀ ಸಾಹೇಬ್ರ. ರಿ ಹಾಕಾಕ ಜಾಗ ಸಾಲಲಿಲ್ರಿ.”

“ರಿ ಅನ್ನಾಕ ಎಷ್ಟ ಜಾಗ ಬೇಕ್ರಿ?”

ಮಾಸ್ತರನಾದವನು ಪ್ರಶ್ನೆ ಕೇಳಿದರೆ ಉತ್ತರ ಹೇಳಿಯೇಬಿಡುತ್ತಾನೆ. “ಎರಡ ಬೈಟ್ ರಿ,” ಅಂದೆ.

ಆಮೇಲೆ ಬಸವರಾಜ ಬಂದ. ಯಾರೋ ಮಾಡಿಟ್ಟ ಸಾಫ್ಟ್‌ವೇರಿನಲ್ಲಿ ಗುಲಾಬಿ ಹೂ ಉದುರಿಸಿದ. ‘ಕಾಕಾಸಾಹೇಬರಿಗೆ ಸುಸ್ವಾಗತ’ ಎಂಬ ಅಕ್ಷರಗಳು ಎಡದಿಂದ ಹಾರಿ ಬಂದು ಸಾಲಾಗಿ ನಿಂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುದ್ದೆ ಅವನದಾಯಿತು. ನನ್ನ ಹೊಟ್ಟೆ ಉರಿಯಿತು, ಇವತ್ತಿಗೂ ಉರಿಯುತ್ತದೆ. ಈಗ ಅವನೇ ವಿಭಾಗದ ಮುಖ್ಯಸ್ಥ, ನಾನು ಹಂಗಾಮಿಯೇ. ನಮಸ್ಕಾರ್ರಿ ಸರ್, ಹೂನ್ರಿ ಸರ್, ಆತ್ರಿ ಸರ್. ಮಶಿನ್ನಿನಲ್ಲಿ ಉಳಿಸಿದ ‘ರಿ’ಗಳನ್ನೆಲ್ಲ ದಿನಾ ಬಾಯಿಂದ ತೀರಿಸುತ್ತಿದ್ದೇನೆ. ಸಿ ಭಾಷೆಯ ಗಂಧವಿಲ್ಲದ ಊರಿನಲ್ಲಿ ಹುಟ್ಟಿದ್ದೇ ತಪ್ಪಾಯಿತು ಎಂದು ಬಹಳ ದಿನ ಸಿಕ್ಕವರೆದುರೆಲ್ಲ ಹಲುಬಿದೆ.

ಮೊನ್ನೆ ಹೆಂಡತಿ ಮಸಾಲೆ ಡಬ್ಬಿಗಳ ಕೆಳಗೆ ಹಾಸಲು ಹಳೆಯ ಕಾಗದ ಹುಡುಕುತ್ತಿದ್ದಳು. ಆ ಪ್ರೋಗ್ರಾಮಿನ ಪ್ರಿಂಟು ಕೈಗೆ ಸಿಕ್ಕಿತು.

“ಇದೇನ್ರಿ, ಏಳ ಸಾಲ ಬರೇ ಚುಕ್ಕಿ?”

“ನನ್ನ ಹೆಸರು. ಚಾಲೂ ಆದ ಕೂಡ್ಲೆ ಪರದಿ ತುಂಬ ದೊಡ್ಡದಾಗಿ ಬರ್ಲಿ ಅಂತ ಚುಕ್ಕಿಲೆ ಬರದಿದ್ದೆ.”

“ಈ ಚುಕ್ಕಿನೂ ಜಾಗ ತಿಂತಿದ್ದುವೇನ್ರಿ?”

“ತಿಂತಿದ್ದುವು. ಒಂದಕ್ಕ ಒಂದ ಬೈಟ್.”

ಎಪ್ಪತ್ತು ಬೈಟಿನ ನನ್ನ ಗೋಳನ್ನು ನೂರು ಸಲ ಕೇಳಿದ್ದ ಅವಳು ಸಾಲಿನ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಎರಡು ಸಾಲೂ ಮುಗಿಯಲಿಲ್ಲ, ಎಪ್ಪತ್ತು ದಾಟಿತು. ನನ್ನ ಮುಖ ನೋಡಿದಳು. “ಮತ್ತ ಇದನ್ನ ಯಾಕ ತಗೀಲಿಲ್ರಿ?”

ಜಾಗ ಹುಡುಕುತ್ತ ಆ ಪ್ರೋಗ್ರಾಮನ್ನು ಮೇಲಿನಿಂದ ಕೆಳಗಿನವರೆಗೆ ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಏಳು ಸಾಲಿನ ಹತ್ತಿರ ಬಂದು, ಕಣ್ತುಂಬ ನೋಡಿಕೊಂಡು, ಮುಂದೆ ಹೋಗಿದ್ದೆ.