ಮೊದಲ ಹನ್ನೊಂದು ನಿಮಿಷದ ಕೈ

ಪ್ರಸಾರ ಇಲಾಖೆ
(ಚಿತ್ರ ಮತ್ತು ಧ್ವನಿ, ಎರಡೂ ಒಟ್ಟಿಗೆ ಬಂದಲ್ಲಿ)

ಸಂಖ್ಯೆ: ಪ್ರಇ/ಫಲಕ/ಸಾಲು-1/ಖಾಲಿ/30
ದಿನಾಂಕ: ಮಾಸಾಂತ್ಯಕ್ಕೆ ಎರಡು ದಿನ ಮುಂಚೆ

ಸುತ್ತೋಲೆ

ವಿಷಯ: ಟೆಲಿವಿಷನ್ ಪ್ರಸಾರದ ಮೂವತ್ತನೇ ವರ್ಷದ ಮೈಲಿಗಲ್ಲು ಫಲಕದಲ್ಲಿ ಮೊದಲ ಸಾಲು ಖಾಲಿ ಉಳಿದಿರುವ ಬಗ್ಗೆ, ಹಾಗೂ ಅದರ ಮುಂದೆ ಪೇಂಟರು ಸ್ಟೂಲು ಹಾಕಿಕೊಂಡು ಕುಳಿತಿರುವ ಬಗ್ಗೆ.

ಉಲ್ಲೇಖ: 1. ಪೇಂಟರ ಹದಿನಾಲ್ಕು ಮನವಿಗಳು (ಅಕ್ಷರ ಬಹಳ ಚೆನ್ನಾಗಿದೆ).
2. ಅವರ ಪತ್ನಿಯ ಮೌಖಿಕ ಹೇಳಿಕೆ (ಪಕ್ಕದ ಕಟ್ಟಡದವರೂ ಕೇಳಿಸಿಕೊಂಡಿದ್ದಾರೆ).
3. ವೀಕ್ಷಕರ ಪತ್ರಗಳು, ಗೆದ್ದಲು ತಿಂದು ಉಳಿದಷ್ಟು.
4. ‘ಇತಿಹಾಸವನ್ನು ಸಂಜೆ ಐದರೊಳಗೆ ಮುಗಿಸತಕ್ಕದ್ದು’ ಎಂಬ ಈ ಹಿಂದಿನ ಸುತ್ತೋಲೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಕಚೇರಿಯ ಬಾಗಿಲ ಪಕ್ಕದ ಗೋಡೆಗೆ ಹತ್ತು ಅಡಿಯ ಮರದ ಫಲಕವೊಂದನ್ನು ಹಾಕಿಸಿ, ಅದರ ಮೇಲೆ ಪ್ರಸಾರದ ಹತ್ತೊಂಬತ್ತು ಮೈಲಿಗಲ್ಲುಗಳನ್ನು ಬರೆಯುವಂತೆ ಇಲಾಖೆಯ ಪೇಂಟರಿಗೆ ಆದೇಶಿಸಲಾಗಿತ್ತು. ಅಕ್ಷರ ಮೂಡಿಸುವ ಹೊಸ ಯಂತ್ರ ಬಂದಿರುವುದರಿಂದ ಪೇಂಟರ್ ಹುದ್ದೆಯನ್ನು ಈ ಮಾಸಾಂತ್ಯಕ್ಕೆ ರದ್ದುಪಡಿಸಲಾಗಿದೆ. ಸದರಿಯವರು ಅದೇ ದಿನ ನಿವೃತ್ತರಾಗುತ್ತಾರೆ. ಯಂತ್ರವು ಟೆಲಿವಿಷನ್ ಪರದೆಯ ಮೇಲಲ್ಲದೆ ಮರದ ಮೇಲೆ ಬರೆಯಲು ಒಪ್ಪದ ಕಾರಣ ಈ ಕೊನೆಯ ಕೆಲಸ ಅವರ ಪಾಲಿಗೆ ಬಂದಿತು. ಅವರು ಎರಡರಿಂದ ಹತ್ತೊಂಬತ್ತರವರೆಗಿನ ಸಾಲುಗಳನ್ನು ಮುತ್ತು ಪೋಣಿಸಿದಂತೆ ಬರೆದು, ಒಂದನೆಯದನ್ನು ಮಾತ್ರ ಬಿಟ್ಟಿದ್ದಾರೆ.

ಒಂದನೇ ಸಾಲಿಗೆ ಇಲಾಖೆ ಕೊಟ್ಟಿದ್ದ ಒಕ್ಕಣೆ ಹೀಗಿತ್ತು: ‘ಪ್ರಥಮ ಪ್ರಸಾರ: ಅಂದಿನ ನಿರ್ದೇಶಕರ ಉದ್ಘಾಟನಾ ಭಾಷಣ.’ ಇದನ್ನು ಓದಿದ ಪೇಂಟರು ಬ್ರಷ್ಷನ್ನು ಡಬ್ಬಿಯೊಳಗಿಟ್ಟು, “ಇದು ಸುಳ್ಳು ಸಾರ್. ಮೂವತ್ತು ವರ್ಷ ನೀವು ಏನ್ ಬರ್ಕೊಟ್ರೂ ಬರ್ದಿದೀನಿ. ಇದನ್ನ ಮಾತ್ರ ಬರ್ಯಲ್ಲ. ಟೀವೀಲಿ ಮೊದ್ಲು ಬಂದಿದ್ದು ನನ್ನ ಕೈ” ಎಂದಿದ್ದಾರೆ. ಅಂದಿನಿಂದ ಅವರು ಸ್ಟೂಲು ಬಿಟ್ಟು ಎದ್ದಿಲ್ಲ. ಚಹಾಕ್ಕೆ ಮತ್ತು ಸಂಜೆ ಮನೆಗೆ ಹೋಗಲು ಎದ್ದಿದ್ದಾರೆ, ಅದು ಲೆಕ್ಕಕ್ಕಿಲ್ಲ.

ಹೊಸ ಸಿಬ್ಬಂದಿಗೆ ಹಿನ್ನೆಲೆ ತಿಳಿಯದಿರುವುದರಿಂದ, ದಾಖಲೆಗಳ ಪ್ರಕಾರ (ದಾಖಲೆಗಳಿಲ್ಲ, ಆದ್ದರಿಂದ ನೆನಪಿನ ಪ್ರಕಾರ) ಈ ಕೆಳಗಿನಂತೆ ವಿವರಿಸಲಾಗಿದೆ.

ಪ್ರಸಾರ ಆರಂಭವಾದಾಗ ಇಲಾಖೆಯ ಬಳಿ ಇದ್ದದ್ದು ಒಂದು ಕ್ಯಾಮೆರಾ, ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ, ಮತ್ತು ಬೆವರು. ಇಡೀ ನಗರದಲ್ಲಿ ಇಪ್ಪತ್ತಮೂರು ಟೆಲಿವಿಷನ್ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಒಂದನ್ನು ರೇಡಿಯೋ ಅಂಗಡಿಯವರು ಗಾಜಿನ ಹಿಂದೆ ಇಟ್ಟಿದ್ದರು. ಅದರ ಮುಂದೆ ರಸ್ತೆ ತುಂಬ ಜನ. ಸಂಜೆ ಆರಕ್ಕೆ ಸರಿಯಾಗಿ ನಿರ್ದೇಶಕರು ಭಾಷಣಕ್ಕೆಂದು ಗಂಟಲು ಸರಿಪಡಿಸಿಕೊಂಡಾಗ ಅವರ ಕಡೆಯ ದೀಪಗಳ ಫ್ಯೂಸು ಹೋಯಿತು. ಮೂಲೆಯ ಒಂದು ದೀಪ ಮಾತ್ರ ಉರಿಯುತ್ತಿತ್ತು. ಅದರ ಕೆಳಗೆ, ತುರ್ತಿಗೆ ಬೇಕಾದೀತೆಂದು ಪೇಂಟರು ಆ ಮಧ್ಯಾಹ್ನವೇ ಬರೆದಿಟ್ಟಿದ್ದ ಕಪ್ಪು ರಟ್ಟಿತ್ತು. ಇಂಜಿನಿಯರರು ದೇವರ ಮೇಲೆ ಭಾರ ಹಾಕಿ ಕ್ಯಾಮೆರಾವನ್ನು ಅತ್ತ ತಿರುಗಿಸಿದರು.

ರಟ್ಟಿನ ಮೇಲೆ ‘ಅಡಚಣೆಗಾಗಿ ಕ್ಷಮಿಸಿ’ ಎಂದು ಇರಬೇಕಾಗಿತ್ತು. ‘ಅಡಚಣೆಗಾಗಿ ಶ್ರಮಿಸಿ’ ಎಂದು ಇತ್ತು.

ಎರಡು ನಿಮಿಷ ಯಾರೂ ಗಮನಿಸಲಿಲ್ಲ. ಆಮೇಲೆ ಉದ್ಘೋಷಕಿ, ಕಪ್ಪು ಬಿಳುಪಿನಲ್ಲಿ ಎದ್ದು ಕಾಣಲೆಂದು ತುಟಿಗೆ ಹಸಿರು ಬಳಿದುಕೊಂಡು ನಿಂತಿದ್ದವರು, ಪಿಸುದನಿಯಲ್ಲೇ ಚೀರಿದರು. ಪೇಂಟರು ಬ್ರಷ್ಷು ಹಿಡಿದು ಓಡಿದರು. ಆ ನಗರ ತನ್ನ ಟೆಲಿವಿಷನ್ನಿನಲ್ಲಿ ನೋಡಿದ ಮೊದಲ ಮನುಷ್ಯ ಒಂದು ಬಲಗೈ. ಅದು ತಪ್ಪಕ್ಷರದ ಮೇಲೆ ಕಪ್ಪು ಬಳಿಯಿತು, ಒಣಗಲು ಕಾಯಿತು, ಬೆರಳ ತುದಿಯಿಂದ ಒಮ್ಮೆ ಮುಟ್ಟಿ ನೋಡಿತು, ನಂತರ ಒಂದು ದುಂಡಾದ ‘ಕ್ಷ’ ಬರೆಯಿತು. ಒಟ್ಟು ಹನ್ನೊಂದು ನಿಮಿಷ. ಆಮೇಲೆ ದೀಪ ಬಂದು ಭಾಷಣವೂ ನಡೆಯಿತು. ಅದರಲ್ಲಿ ಏನು ಹೇಳಲಾಯಿತೆಂದು ಯಾರಿಗೂ ನೆನಪಿಲ್ಲ.

ಮರುದಿನ ಪತ್ರಗಳು ಬಂದವು. ‘ಕೈ ಕಾರ್ಯಕ್ರಮ ಮತ್ತೆ ಯಾವಾಗ?’ ಎಂದು ಹಲವರು ಕೇಳಿದರು. ಕಾಗುಣಿತ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ಒಬ್ಬ ಮೇಷ್ಟ್ರು ಬರೆದರು. ಮುಖ ತೋರಿಸದೆ ಬರೀ ಕೈ ತೋರಿಸುವುದು ಸಭ್ಯತೆಯಲ್ಲವೆಂದು ಇನ್ನೊಬ್ಬರು ಆಕ್ಷೇಪಿಸಿದರು. ನೆರೆಯ ಇಲಾಖೆಯೊಂದು, ‘ಅಡಚಣೆಗಾಗಿ ಶ್ರಮಿಸಲು ತಮ್ಮ ಪ್ರತ್ಯೇಕ ಸೂಚನೆ ಅಗತ್ಯವಿರಲಿಲ್ಲ, ನಾವು ಬಹಳ ವರ್ಷಗಳಿಂದ ಶ್ರಮಿಸುತ್ತಿದ್ದೇವೆ’ ಎಂದು ಉತ್ತರ ಕಳುಹಿಸಿತು.

ಪೇಂಟರಿಗೆ ಮಾತ್ರ ಮೆಮೊ ಬಂತು. ಇಲಾಖೆ ಬರೆದುಕೊಟ್ಟ ಚೀಟಿಯಲ್ಲಿ ಹೇಗಿತ್ತೋ ಹಾಗೇ ಬರೆದೆನೆಂದು ಅವರು ಹೇಳಿದರು. ಚೀಟಿ ಎಲ್ಲಿ ಎಂದು ಕೇಳಲಾಯಿತು. ಚೀಟಿ ಸಿಗಲಿಲ್ಲ. ಅಂದಿನಿಂದ ಕ್ಯಾಂಟೀನಿನಲ್ಲಿ ಅವರ ಹೆಸರು ‘ಶ್ರಮಿಸಣ್ಣ’. ಹೆಡ್ ಪೇಂಟರ್ ಆಗುವ ಸರದಿ ನಾಲ್ಕು ಸಲ ಬಂದು ನಾಲ್ಕು ಸಲವೂ ಅದೇ ಮೆಮೊ ಅಡ್ಡ ಬಂತು. ಅವರ ಮಗಳಿಗೆ ಶಾಲೆಯಲ್ಲಿ ‘ಕ್ಷ’ ಬರೆಯಲು ಹೇಳಿ ನಗುತ್ತಿದ್ದರಂತೆ. ಇದರಿಂದ ಪೇಂಟರಿಗೆ ನೋವಾಗಿತ್ತೆಂದು ಯಾವ ಕಡತದಲ್ಲೂ ಇಲ್ಲ. ಆಗಿತ್ತು.

ಈ ಎಲ್ಲವನ್ನೂ ಪರಿಶೀಲಿಸಲು ನೇಮಿಸಿದ ಸಮಿತಿಯು ಹನ್ನೆರಡು ಸಭೆ ನಡೆಸಿ, ಎಲ್ಲರ ಪಾಲನೆಗಾಗಿ ಈ ಮೂಲಕ ಸೂಚಿಸಿರುವುದೇನೆಂದರೆ:

1. ‘ಪ್ರಥಮ’ ಎಂದರೆ ಎಲ್ಲಕ್ಕಿಂತ ಮೊದಲು ಬಂದದ್ದು ಎಂಬ ಜನಸಾಮಾನ್ಯರ ಅರ್ಥವನ್ನು ಇಲಾಖೆ ಒಪ್ಪುವುದಿಲ್ಲ. ಮೊದಲೇ ಬರಬೇಕೆಂದು ತೀರ್ಮಾನಿಸಿದ್ದು ತಡವಾಗಿ ಬಂದರೂ ಪ್ರಥಮವೇ.

2. ಕೈಯೊಂದನ್ನು ವ್ಯಕ್ತಿ ಎನ್ನಬಹುದೇ ಎಂಬ ಪ್ರಶ್ನೆಗೆ ಸಮಿತಿ ಮೂರು ಸಭೆ ಖರ್ಚು ಮಾಡಿದೆ. ಮೊಣಕೈವರೆಗೆ ಕಾಣಿಸಿಕೊಂಡವರನ್ನು ಎಂಟನೇ ಒಂದು ಪಾಲು ವ್ಯಕ್ತಿ ಎಂದು ಪರಿಗಣಿಸತಕ್ಕದ್ದು. ಈ ಅಳತೆಯನ್ನು ಇತರರಿಗೂ ಅನ್ವಯಿಸಲಾಗಿ, ಮೇಜಿನ ಮೇಲೆ ಕೋಟು, ಕೆಳಗೆ ಪೈಜಾಮ ಧರಿಸಿ ಕೂರುವ ವಾರ್ತಾವಾಚಕರು ಅರ್ಧ ವ್ಯಕ್ತಿ ಎಂದೂ, ಮೂವತ್ತು ವರ್ಷಗಳಲ್ಲಿ ತಲೆಯಿಂದ ಕಾಲಿನವರೆಗೆ ಪೂರ್ತಿಯಾಗಿ ಪ್ರಸಾರವಾದದ್ದು ಹವಾಮಾನ ವರದಿಯ ನಡುವೆ ಮೇಜು ಹತ್ತಿದ ಬೆಕ್ಕು ಮಾತ್ರವೆಂದೂ ತಿಳಿದುಬಂದಿದೆ (ಫಲಕದ ಸಾಲು 6 ನೋಡಿ).

3. ಸದರಿ ಕೈ ಪೇಂಟರದ್ದೇ ಎಂಬುದಕ್ಕೆ ಧ್ವನಿಚಿತ್ರ ಸಾಕ್ಷ್ಯವಿಲ್ಲ. ಆಗ ಮುದ್ರಿಸಿಡುವ ಯಂತ್ರವೇ ಇರಲಿಲ್ಲ. ಬಂದ ಮೇಲೆ ಒಂದೇ ಟೇಪಿನ ಮೇಲೆ ಒಂಬತ್ತು ವರ್ಷದ ವಾರ್ತೆಗಳನ್ನು ಒಂದರ ಮೇಲೊಂದು ಮುದ್ರಿಸಲಾಗಿದೆ. ಏಕೈಕ ಪ್ರತ್ಯಕ್ಷ ಸಾಕ್ಷಿ ಪೇಂಟರ ಪತ್ನಿ. ಅಂದು ಅವರು ರೇಡಿಯೋ ಅಂಗಡಿಯ ಗಾಜಿನ ಮುಂದೆ ನಿಂತಿದ್ದರು. ಅವರ ಹೇಳಿಕೆ: “ಹೆಬ್ಬೆರಳ ಮೇಲೆ ಸುಟ್ಟ ಕಲೆ ಇತ್ತು. ಹಾಲು ಉಕ್ತಾ ಇದೆ ಅಂತ ಬಟ್ಟೆ ಇಲ್ದೆ ಪಾತ್ರೆ ಇಳಿಸೋಕೆ ಹೋಗಿ ಸುಟ್ಕೊಂಡಿದ್ರು. ನನ್ನ ಗಂಡನ ಕೈ ನನಗೆ ಗೊತ್ತಿಲ್ದೆ ನಿಮ್ಮ ಸಮಿತಿಗೆ ಗೊತ್ತಿರುತ್ತೇನ್ರೀ?” ಚಿತ್ರ ಕಪ್ಪು ಬಿಳುಪಾಗಿದ್ದರೂ ಕಲೆ ಹೇಗೆ ಕಂಡಿತು ಎಂದು ಸಮಿತಿ ಕೇಳಿತು. “ಕಲೆನೂ ಕಪ್ಪಗೇ ಇತ್ತಲ್ರೀ” ಎಂಬ ಉತ್ತರ ಬಂದಿದ್ದು, ಸಮಿತಿ ಅಂದಿನ ಸಭೆಯನ್ನು ಅಲ್ಲಿಗೇ ಮುಗಿಸಿತು.

4. ತೀರ್ಮಾನವಾಗುವವರೆಗೆ ಪೇಂಟರ ಬಲಗೈಯನ್ನು ಇಲಾಖೆಯ ದಾಖಲೆ ಎಂದು ಪರಿಗಣಿಸಲಾಗಿದೆ. ಅದನ್ನು ಗೇಟ್ ಪಾಸ್ ಇಲ್ಲದೆ ಹೊರಗೆ ಒಯ್ಯತಕ್ಕದ್ದಲ್ಲ. ಗೇಟಿನ ಕಾವಲುಗಾರರು ಪ್ರತಿ ಸಂಜೆ ‘ಕೈ, ಬಲ, ಒಂದು, ಬಳಸಿದ್ದು’ ಎಂದು ಪುಸ್ತಕದಲ್ಲಿ ನಮೂದಿಸಿ, ಬೆಳಿಗ್ಗೆ ವಾಪಸು ಬಂದದ್ದನ್ನು ಖಾತ್ರಿಪಡಿಸಿಕೊಳ್ಳುತ್ತಿದ್ದಾರೆ. ಎಡಗೈ ಜೊತೆಗೆ ಹೋಗಲು ಅಭ್ಯಂತರವಿಲ್ಲ.

5. ಸದರಿ ದಾಖಲೆಯಿಂದ ಊಟ ಮಾಡಬಹುದೇ ಎಂದು ಪೇಂಟರು ಕೇಳಿರುವ ಸ್ಪಷ್ಟೀಕರಣ ಮೇಲ್ಕಚೇರಿಯ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಚಮಚ ಒದಗಿಸಲಾಗಿದೆ.

6. ಪೇಂಟರನ್ನು ‘ಶ್ರಮಿಸಣ್ಣ’ ಎಂದು ಕರೆಯುವುದನ್ನು ನಿಷೇಧಿಸಲಾಗಿದೆ. ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಲ್ಲಿ, ಅರ್ಧಕ್ಕೆ ನಿಲ್ಲಿಸಿ ಕೆಮ್ಮತಕ್ಕದ್ದು. ಕ್ಯಾಂಟೀನಿನಲ್ಲಿ ಕೆಮ್ಮು ಹೆಚ್ಚಿರುವುದಕ್ಕೆ ವೈದ್ಯಾಧಿಕಾರಿಗಳು ಗಾಬರಿಪಡುವುದು ಬೇಡ.

7. ಒಂದನೇ ಸಾಲನ್ನು ಹೊಸ ಯಂತ್ರದಿಂದಲೇ ಬರೆಸಿ, ಫಲಕದ ಮುಂದೆ ಒಂದು ಟೆಲಿವಿಷನ್ ಪೆಟ್ಟಿಗೆ ಇಡಬಹುದೆಂಬ ಸಲಹೆಯನ್ನು ಪ್ರಯೋಗಿಸಿ ನೋಡಲಾಯಿತು. ಯಂತ್ರವು ‘ಪ್ರಥಮ ಪ್ರಸಾರ’ ಎಂಬುದನ್ನು ‘ಪ್ರಥಮ ಪ್ರಹಾರ’ ಎಂದು ಮೂಡಿಸಿದೆ. ಯಂತ್ರಕ್ಕೆ ಮೆಮೊ ಕೊಡಲು ಅವಕಾಶವಿಲ್ಲ.

8. ಕಳೆದುಹೋದ ಚೀಟಿಯ ಬಗ್ಗೆ. ಪೇಂಟರ ಹದಿನಾಲ್ಕೂ ಮನವಿಗಳಲ್ಲಿ ಒಂದೇ ಮಾತಿದೆ. ಅಂದು ಮಧ್ಯಾಹ್ನ ಅವರು ಚೀಟಿ ಹಿಡಿದು ಗುಮಾಸ್ತರ ಬಳಿ ಹೋಗಿ, “ಇದು ‘ಕ್ಷಮಿಸಿ’ ಇರ್ಬೇಕಲ್ವಾ ಸಾರ್?” ಎಂದು ಕೇಳಿದ್ದರು. “ಬರ್ದಿರೋ ಹಾಗೆ ಬರೀರಿ. ಯೋಚನೆ ಮಾಡೋದು ಇಲಾಖೆ ಕೆಲಸ” ಎಂದು ಗುಮಾಸ್ತರು ಗದರಿದರು. ಹದಿನಾಲ್ಕು ಮನವಿಗಳಲ್ಲಿ ಒಂದರಲ್ಲೂ ಆ ಗುಮಾಸ್ತರು ಯಾರೆಂದು ಪೇಂಟರು ಬರೆದಿಲ್ಲ. ಅವರಿಗೆ ಗೊತ್ತಿಲ್ಲದೆ ಅಲ್ಲ. ಆ ಗುಮಾಸ್ತರು ಕೆಲಸಕ್ಕೆ ಸೇರಿ ಆಗ ಮೂರನೇ ದಿನ. ಹೇಳಿದ್ದರೆ ನಾಲ್ಕನೇ ದಿನ ಇರುತ್ತಿರಲಿಲ್ಲ.

9. ಸದರಿ ಚೀಟಿ ಪತ್ತೆಯಾಗಿದೆ. ಹೆಚ್ಚು ಸರಿಯಾಗಿ ಹೇಳುವುದಾದರೆ, ಅದು ಕಳೆದೇ ಇರಲಿಲ್ಲ. ಒಬ್ಬ ಅಧಿಕಾರಿಯ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಾಸಿದ ಹಳೆಯ ಪತ್ರಿಕೆಯ ಅಡಿಯಲ್ಲಿ, ಇಷ್ಟು ವರ್ಷವೂ ಇಡಲಾಗಿತ್ತು. ಮೇಜು ಬದಲಾದಾಗಲೆಲ್ಲ ಅದನ್ನು ಹೊಸ ಮೇಜಿಗೆ ಸಾಗಿಸಲಾಗಿತ್ತು. ತಪ್ಪು ಬರೆಯಲಾಗಿತ್ತು, ಬಚ್ಚಿಡಲಾಗಿತ್ತು, ಸುಮ್ಮನಿರಲಾಗಿತ್ತು. ಯಾರು ಎಂದು ಹೇಳದೆಯೇ ಎಲ್ಲವನ್ನೂ ಹೇಳಿ ಮುಗಿಸಬಹುದಾದದ್ದು ಸುತ್ತೋಲೆಯ ಭಾಷೆಯ ದೊಡ್ಡ ಅನುಕೂಲ. ಆ ನೆರಳಿನಲ್ಲಿ ಒಬ್ಬರು ಗುಮಾಸ್ತರಿಂದ ಅಧಿಕಾರಿಯವರೆಗೆ ಬೆಳೆದಿದ್ದಾರೆ. ಆದ್ದರಿಂದ ಮುಂದಿನ ಒಂದು ವಾಕ್ಯದ ಮಟ್ಟಿಗೆ ಸದರಿ ಭಾಷೆಯನ್ನು ಸಡಿಲಿಸಲಾಗಿದೆ. ಆ ಚೀಟಿ ಬರೆದದ್ದು ನಾನು, ಬಚ್ಚಿಟ್ಟದ್ದು ನಾನು, ಅವರನ್ನು ಕ್ಯಾಂಟೀನಿನಲ್ಲಿ ಮೊದಲ ಸಲ ಶ್ರಮಿಸಣ್ಣ ಎಂದು ಕರೆದು ಎಲ್ಲರನ್ನೂ ನಗಿಸಿದ್ದೂ ನಾನೇ.

10. ವಾಕ್ಯ ಮುಗಿದಿರುವುದರಿಂದ ಸಡಿಲಿಕೆಯನ್ನು ಹಿಂಪಡೆಯಲಾಗಿದೆ.

11. ಮೇಲಿನ ಅಂಶ 1 ಮತ್ತು 2ನ್ನು ರದ್ದುಪಡಿಸಿ, ಫಲಕದ ಒಂದನೇ ಸಾಲನ್ನು ಈ ಕೆಳಗಿನಂತೆ ತಿದ್ದುಪಡಿ ಮಾಡಲಾಗಿದೆ: ‘ಪ್ರಥಮ ಪ್ರಸಾರ: ಇಲಾಖೆ ತಪ್ಪು ಬರೆದುಕೊಟ್ಟಿತು. ಪೇಂಟರು ಊರೆಲ್ಲ ನೋಡುತ್ತಿರುವಾಗ ತಿದ್ದಿದರು.’ ಇದರ ಮುಂದೆ ಪೇಂಟರ ಪೂರ್ಣ ಹೆಸರು ಇರತಕ್ಕದ್ದು. ಅವರ ಪೂರ್ಣ ಹೆಸರು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲದಿರುವುದು ಈಗ ಗಮನಕ್ಕೆ ಬಂದಿದ್ದು, ಅವರನ್ನೇ ಕೇಳಿಕೊಳ್ಳಲಾಗುವುದು.

12. ಹಳೆಯ ಮೆಮೊವನ್ನು ವಾಪಸು ಪಡೆಯಲಾಗಿದೆ. ಹೋದ ಮೂವತ್ತು ವರ್ಷಗಳನ್ನು ವಾಪಸು ಕೊಡಲು ನಿಯಮಗಳಲ್ಲಿ ಅವಕಾಶ ಹುಡುಕಲಾಯಿತು. ಇಲ್ಲ. ಇದಕ್ಕಾಗಿ ಇಲಾಖೆಗೆ ನಾಚಿಕೆಯಾಗಿದೆ.

(ಸಹಿ)
ಅಧೀಕ್ಷಕರು, ಒಕ್ಕಣೆ ಶಾಖೆ
(ಅಂದಿನ ಕಿರಿಯ ಗುಮಾಸ್ತ, ಮೂರನೇ ದಿನ)

ಪ್ರತಿ:
1. ಮೇಲ್ಕಚೇರಿಗೆ, ಎಂದಿನಂತೆ ಓದದೆ ಕಡತಕ್ಕೆ ಸೇರಿಸಲು. ಓದಿದಲ್ಲಿ, ಅಧೀಕ್ಷಕರ ವಿವರಣೆ ಸಿದ್ಧವಿದೆ.
2. ಗೇಟಿನ ಕಾವಲುಗಾರರಿಗೆ, ಕೈಯನ್ನು ಅದರ ಮಾಲೀಕರಿಗೆ ಶಾಶ್ವತವಾಗಿ ಬಿಟ್ಟುಕೊಡಲು.
3. ಅಕ್ಷರ ಯಂತ್ರದ ನಿರ್ವಾಹಕರಿಗೆ, ಮಾಸಾಂತ್ಯದೊಳಗೆ ಪೇಂಟರ ಬಳಿ ಕೂತು ಕಾಗುಣಿತ ಕಲಿಯಲು.
4. ಕ್ಯಾಂಟೀನಿಗೆ, ಕೆಮ್ಮು ನಿಲ್ಲಿಸಲು.
5. ಪೇಂಟರ ಪತ್ನಿಗೆ, ಅವರು ಹೇಳಿದ್ದೇ ನಿಜವೆಂದು ತಿಳಿಸಲು. (“ಅದನ್ನ ನೀವು ಹೇಳ್ಬೇಕಾ?” ಎಂದು ಉತ್ತರ ಬಂದಿದೆ.)
6. ಪೇಂಟರಿಗೆ. ಕಾಗುಣಿತ ನೋಡಿಕೊಡಲೆಂದು ಈ ಸುತ್ತೋಲೆಯ ಕರಡನ್ನು ಅವರಿಗೆ ಮುಂಚಿತವಾಗಿಯೇ ಕೊಡಲಾಗಿತ್ತು. ಮೊದಲ ಎಂಟು ಅಂಶಗಳಲ್ಲಿ ನಾಲ್ಕು ತಪ್ಪು ತಿದ್ದಿದರು. ಒಂಬತ್ತನೆಯದನ್ನು ಎರಡು ಸಲ ಓದಿದರು. ಅಧೀಕ್ಷಕರು ಎದುರಿಗೇ ನಿಂತಿದ್ದರು. “ಇದ್ರಲ್ಲಿ ತಪ್ಪೇನೂ ಇಲ್ಲ ಸಾರ್” ಎಂದು ಕರಡನ್ನು ವಾಪಸು ಕೊಟ್ಟು, ಪೇಂಟರು ಬ್ರಷ್ಷು ತೊಳೆದುಕೊಂಡು ಒಂದನೇ ಸಾಲಿಗೆ ಕೈ ಹಾಕಿದರು.